ಆಯುಷ್ಯವನ್ನು ಅಳೆಯುವ ಬಗೆ

ಮೃಕಂಡು ಮುನಿಯ ಕಥೆಯನ್ನು ಅರಿಯದ ಶಿವಭಕ್ತರು ವಿರಳ. ಸಂತಾನವಿಲ್ಲದೆ ಕೊರಗಿ ತಪವನ್ನಾಚರಿಸಿದ ಆ ಮುನಿಗೆ ಶಿವನು ಪ್ರಸನ್ನನಾಗಿ, ಬಹುಕಾಲ ಬಾಳುವ ಗುಣಹೀನನಾದ ಮಗನು ಬೇಕೋ, ಹದಿನಾರೇ ವರ್ಷ ಬಾಳುವ ಸದ್ಗುಣಿಯಾದ ಮಗನು ಬೇಕೋ ಎಂದು ಕೇಳಿದನಂತೆ. ಮುನಿಯು ಎರಡನೆಯವನನ್ನೇ ಬೇಡಿದನು. ಹಾಗೆ ಜನಿಸಿದವನು ಮಾರ್ಕಂಡೇಯ. ಹದಿನಾರು ತುಂಬಿದ ದಿನ ಯಮನ ಪಾಶವು ಬಿದ್ದುದು, ಬಾಲಕನು ಶಿವಲಿಂಗವನ್ನು ಅಪ್ಪಿಕೊಂಡುದು, ಶಿವನು ಪ್ರತ್ಯಕ್ಷನಾಗಿ ಯಮನನ್ನು ತಡೆದುದು, ಬಾಲಕನು ಚಿರಂಜೀವಿಯಾದುದು ಇವೆಲ್ಲವೂ ಪುರಾಣಪ್ರಸಿದ್ಧ.

ಮಠದ ಪಾಠಶಾಲೆಯಲ್ಲಿ ಈ ಕಥೆಯನ್ನು ನಾನು ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಹೇಳುತ್ತ ಬಂದವನು. ಕಥೆಯ ಕೊನೆಗೆ ಬಂದಾಗ ಹುಡುಗರ ಮುಖಗಳು ಅರಳುತ್ತವೆ; ಹೇಳುವ ನನಗೂ ಸಂತೋಷವಾಗುತ್ತಿದ್ದಿತು. ಆದರೆ ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಯು ನನ್ನ ಈ ಸಂತೋಷವನ್ನು ಪ್ರಶ್ನಿಸಿದಳು. ಕೃಷ್ಣಾನದಿಯ ದಂಡೆಯ, ರಾಯಬಾಗ ಸೀಮೆಯ ಒಂದು ಹಳ್ಳಿಯವಳು ಆಕೆ. ಆಕೆಯ ಮಗನು ನಮ್ಮ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದನು. ವಿನಯಶೀಲ, ಇಷ್ಟಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವನಲ್ಲ. ವ್ಯಾಧಿಯೊಂದು ಬಂದು, ಔಷಧೋಪಚಾರಗಳೆಲ್ಲ ನಡೆದೂ ಉಳಿಯದೆ, ಹದಿನಾರನೆಯ ವಯಸ್ಸಿನಲ್ಲಿಯೇ ಲಿಂಗೈಕ್ಯನಾದನು. ತಿಂಗಳು ಕಳೆದ ಮೇಲೆ ಅವನ ಪುಸ್ತಕ, ಪೆಟ್ಟಿಗೆಗಳನ್ನು ಒಯ್ಯಲು ಬಂದ ಆ ತಾಯಿಯು ಅಂಗಳದಲ್ಲಿ ನಿಂತು ನನ್ನನ್ನು ಕೇಳಿದಳು: "ಗುರುಗಳ, ಮಾರ್ಕಂಡೇಯನ ಕತಿ ನೀವ ಹೇಳಿದ್ದಂತ. ಮನಿಗಿ ಬಂದಾಗ ನನ್ನ ಮಗ ನನಗ ಹೇಳಿದ್ದ. ಆ ತಾಯಿ ಮಗನ್ನ ಶಿವ ಉಳಿಸಿದ. ನನ್ನ ಮಗನೂ ಹದಿನಾರರಾಂವ. ಅವನೂ ಲಿಂಗ ಬಿಟ್ಟಾಂವಲ್ಲ. ಅವನ್ನ ಯಾಕ ಉಳಿಸಲಿಲ್ರಿ?"

ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಉತ್ತರವಿದ್ದಿಲ್ಲ. "ಕೂಡು ತಾಯಿ" ಎಂದು ನೀರು ಕೊಡಿಸಿ ನಾನೂ ಸುಮ್ಮನೆ ಕುಳಿತೆನು. ಅಂದು ಬಾಯಿಗೆ ಬಾರದ ಮಾತನ್ನು ಶರಣರ ಮಾರ್ಗದಲ್ಲಿ ಹುಡುಕಿದ ಫಲವೇ ಈ ಪಾಠ. ಇಂತಹ ದುಃಖವನ್ನು ಕಾಣದ ಮನೆಗಳು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗಳಲ್ಲಿ ಎಷ್ಟಿವೆ? ಆದುದರಿಂದ ಸದ್ಭಕ್ತರು ಇದನ್ನು ಸಾವಧಾನವಾಗಿ ಪರಾಂಬರಿಸಬೇಕೆಂದು ವಿಜ್ಞಾಪನೆ.

೧. ಎರಡು ಪ್ರಶ್ನೆಗಳು

ಅಕಾಲದಲ್ಲಿ ಒಬ್ಬರನ್ನು ಕಳೆದುಕೊಂಡಾಗ ನಮ್ಮಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. "ಇವನು ಇಷ್ಟು ಬೇಗ ಏಕೆ ಹೋದನು?" ಎಂಬುದು ಒಂದು. "ಇವನ ಬಾಳು ಅರ್ಧಕ್ಕೇ ನಿಂತು ವ್ಯರ್ಥವಾಯಿತೇ?" ಎಂಬುದು ಇನ್ನೊಂದು. ದುಃಖದ ಭರದಲ್ಲಿ ಇವೆರಡೂ ಒಂದೇ ಎಂದು ತೋರುತ್ತವೆ. ವಿಚಾರಿಸಿದರೆ ಬೇರೆ ಬೇರೆ.

ಮೊದಲನೆಯ ಪ್ರಶ್ನೆಗೆ ಮನುಷ್ಯರಾದವರು ಕೊಡುವ ಉತ್ತರಗಳು ಬಹುಮಟ್ಟಿಗೆ ಕ್ರೂರವಾಗುತ್ತವೆ. ಹಿಂದಿನ ಜನ್ಮದ ಪಾಪವೆನ್ನುವರು, ಸೊಸೆಯ ಕಾಲ್ಗುಣವೆನ್ನುವರು, ತಾಯಿಯ ವ್ರತದಲ್ಲಿ ಲೋಪವಾಯಿತೆನ್ನುವರು. ದೈವಜ್ಞರಂತೆ ನುಡಿಯುವ ಇಂತಹ ಮಾತುಗಳು ನೊಂದವರ ಗಾಯಕ್ಕೆ ಉಪ್ಪು ಸವರುತ್ತವೆಯೇ ಹೊರತು ಸತ್ಯವನ್ನು ತಿಳಿಸುವುದಿಲ್ಲ. ಶಕುನ, ಮುಹೂರ್ತ, ಸೂತಕಗಳ ಭೀತಿಯನ್ನೇ ಅಲ್ಲಗಳೆದ ಶರಣರ ಮಕ್ಕಳು ಕಾಲ್ಗುಣದ ಮಾತನ್ನಾಡುವುದು ಹೇಗೆ ಶೋಭಿಸೀತು?

ಎರಡನೆಯ ಪ್ರಶ್ನೆಗೆ ಉತ್ತರವುಂಟು. ಅದನ್ನು ಶರಣರು ತಮ್ಮ ನುಡಿಯಲ್ಲಿಯೂ ನಡೆಯಲ್ಲಿಯೂ ಕೊಟ್ಟಿದ್ದಾರೆ. ಬಾಳಿನ ಪೂರ್ಣತೆಯು ವರ್ಷಗಳ ಎಣಿಕೆಯಲ್ಲಿ ಇರುವುದಿಲ್ಲವೆಂಬುದೇ ಆ ಉತ್ತರ. ಮೃಕಂಡು ಮುನಿಯ ಕಥೆಯಲ್ಲಿಯೂ ನಾವು ಗಮನಿಸದೆ ಬಿಡುವ ಅಂಶ ಇದೇ. ಕೊನೆಯಲ್ಲಿ ದೊರೆತ ಚಿರಂಜೀವಿತ್ವವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ವರವನ್ನು ಬೇಡುವಾಗ ಆ ತಂದೆಗೆ ಮುಂದೆ ಶಿವನು ಬಂದು ಕಾಯುವನೆಂಬುದು ತಿಳಿದಿದ್ದಿಲ್ಲ. ಹದಿನಾರಕ್ಕೆ ಮಗನನ್ನು ಕಳೆದುಕೊಳ್ಳಬೇಕೆಂದು ಅರಿತೇ ಅವನು ಒಳ್ಳೆಯ ಮಗನನ್ನು ಬೇಡಿದನು. ಕಥೆಯ ನಿಜವಾದ ತಿರುಳು ಆ ಆಯ್ಕೆಯಲ್ಲಿದೆ. ನಾನೂ ಅದನ್ನು ಇಷ್ಟು ವರ್ಷ ಹುಡುಗರಿಗೆ ಸರಿಯಾಗಿ ಹೇಳಿರಲಿಲ್ಲ.

೨. ಷಟ್‌ಸ್ಥಲವೂ ವಯಸ್ಸೂ

ಬಾಳನ್ನು ವರ್ಷಗಳಿಂದ ಭಾಗಿಸುವ ಪದ್ಧತಿಯು ನಮ್ಮ ದೇಶದಲ್ಲಿ ಪ್ರಾಚೀನವಾದುದು. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳೆಂಬ ನಾಲ್ಕು ಆಶ್ರಮಗಳ ಕಲ್ಪನೆಯು ನೂರು ವರ್ಷಗಳ ತುಂಬು ಬಾಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುದು. ಆ ಲೆಕ್ಕದಲ್ಲಿ ಇಪ್ಪತ್ತಕ್ಕೆ ಹೋದವನು ಮೊದಲನೆಯ ಮೆಟ್ಟಿಲಲ್ಲಿಯೇ ಉಳಿದವನು.

ಶರಣರು ಹಿಡಿದ ಕ್ರಮವು ಬೇರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ವಯಸ್ಸಿನ ನಿಯಮವಿಲ್ಲ. ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂದು ಭಕ್ತಿಯು ಪಕ್ವವಾಗುವುದನ್ನು ಇವು ಸೂಚಿಸುತ್ತವೆ. ಎಂಬತ್ತರ ವೃದ್ಧನು ಭಕ್ತಸ್ಥಲದ ಹೊಸ್ತಿಲನ್ನು ದಾಟದೆ ಇರಬಹುದು; ಎಳೆಯ ಪ್ರಾಯದವನು ಸಮರಸದ ಸವಿಯನ್ನು ಅರಿತಿರಬಹುದು.

ನಮ್ಮ ಆಚಾರವೂ ಇದನ್ನೇ ಸಾರುತ್ತದೆ. ಜನಿಸಿದ ಶಿಶುವಿಗೆ ಲಿಂಗಧಾರಣೆ ಮಾಡುವೆವಲ್ಲವೇ? ಕಣ್ಣು ತೆರೆದು ಲೋಕವನ್ನು ನೋಡದ, ತುಟಿ ತೆರೆದು ಮಂತ್ರವನ್ನು ನುಡಿಯದ ಆ ಕೂಸಿಗೆ ಕೊಡುವ ಲಿಂಗವು ವೃದ್ಧನ ಲಿಂಗಕ್ಕಿಂತ ಕಿರಿದೇನೂ ಅಲ್ಲ. ಪ್ರಸಾದದ ವಿಷಯವೂ ಹಾಗೆಯೇ. ಜಾತ್ರೆಯ ದಿನ ದಾಸೋಹದಲ್ಲಿ ಒಬ್ಬನು ಹರಿವಾಣದ ತುಂಬ ಉಣ್ಣುತ್ತಾನೆ. ತಡವಾಗಿ ಬಂದವನಿಗೆ ಒಂದು ಹಿಡಿ ದೊರೆಯುತ್ತದೆ. ಹಿಡಿ ದೊರೆತವನಿಗೆ ಅರೆಪ್ರಸಾದ ದೊರೆಯಿತೆಂದು ಯಾರೂ ಹೇಳುವುದಿಲ್ಲ. ಲಿಂಗಕ್ಕೆ ಅರ್ಪಿತವಾಗಿ ಬಂದುದು ಹಿಡಿಯಾದರೂ ಪೂರ್ಣ, ಹರಿವಾಣವಾದರೂ ಪೂರ್ಣ. ಆಯುಷ್ಯವೂ ಶಿವನು ಕೊಟ್ಟ ಪ್ರಸಾದವೆಂದು ಭಾವಿಸುವವನಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

೩. ಕಿರಿಯರಾದ ಹಿರಿಯರು

ಇನ್ನು ದೃಷ್ಟಾಂತಗಳನ್ನು ನೋಡೋಣ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನು ಪರಂಪರೆಯು ತರುಣಿಯೆಂದೇ ಕಂಡಿದೆ. ಮಲೆನಾಡಿನ ಉಡುತಡಿಯಿಂದ ಹೊರಟು, ಅರಮನೆಯ ಭೋಗವನ್ನು ತೊರೆದು, ಕಲ್ಯಾಣದ ಅನುಭವಮಂಟಪಕ್ಕೆ ನಡೆದು, ಅಲ್ಲಿಂದ ಶ್ರೀಶೈಲದ ಕದಳಿಯಲ್ಲಿ ಚೆನ್ನಮಲ್ಲಿಕಾರ್ಜುನನಲ್ಲಿ ಒಂದಾದ ಆಕೆಯ ಬಾಳು ಕೆಲವೇ ವರ್ಷಗಳ ಬಾಳು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿ ಪರೀಕ್ಷಿಸಿದುದನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಆ ಪರೀಕ್ಷೆಯಲ್ಲಿ ಆಕೆಯ ವಯಸ್ಸು ಅಡ್ಡಿಯಾಗಲಿಲ್ಲ. ಆಕೆಯ ಅರಿವೇ ಉತ್ತರ ಕೊಟ್ಟಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಮಗಿಂತ ವಯಸ್ಸಿನಲ್ಲಿ ಕಿರಿಯಳಾದವಳನ್ನು ಆ ಶರಣಸಮೂಹವೆಲ್ಲ "ಅಕ್ಕ" ಎಂದು ಕರೆಯಿತು. ಅಕ್ಕನೆಂದರೆ ಹಿರಿಯಳು. ವರ್ಷಗಳ ಎಣಿಕೆಯಿಂದ ಬಾರದ ಹಿರಿತನವೊಂದುಂಟೆಂಬುದಕ್ಕೆ ಈ ಎರಡಕ್ಷರದ ಹೆಸರೇ ಸಾಕ್ಷಿ.

ಆಕೆಯವೆಂದು ದೊರೆತಿರುವ ವಚನಗಳು 400ಕ್ಕೂ ಮಿಕ್ಕಿವೆ. ಇತರ ಕೆಲವರ ವಚನಗಳ ಸಂಖ್ಯೆಯೊಡನೆ ಹೋಲಿಸಿದರೆ ಇದು ಹೆಚ್ಚೇನಲ್ಲ. ಆದರೆ ಚನ್ನಬಸವಣ್ಣನವರು ಒಂದು ವಚನದಲ್ಲಿ ಹಿರಿಯ ಶರಣರ ಮಾತುಗಳನ್ನೆಲ್ಲ ತಕ್ಕಡಿಯಲ್ಲಿಟ್ಟಂತೆ ಎಣಿಸುತ್ತ ಬಂದು, ಕಡೆಯಲ್ಲಿ ಮಹಾದೇವಿಯಕ್ಕನ ಒಂದೇ ಒಂದು ಮಾತಿಗೆ ಮೇಲಾದ ತೂಕವನ್ನು ಕಾಣುತ್ತಾರೆ. ಸಂಖ್ಯೆಯನ್ನು ಸಾರವು ಮೀರಿಸಬಲ್ಲುದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಗೆ ಯಾವುದು?

ಹಾಗೆ ತೂಗಿದ ಚನ್ನಬಸವಣ್ಣನವರೂ ಎಳೆಯ ವಯಸ್ಸಿನವರೇ. ಅಕ್ಕನಾಗಮ್ಮನವರ ಮಗ, ಬಸವಣ್ಣನವರ ಸೋದರಳಿಯ. ಷಟ್‌ಸ್ಥಲಶಾಸ್ತ್ರವನ್ನು ಕ್ರಮಪಡಿಸಿ ಹೇಳಿದ ಅವರನ್ನು ಅವಿರಳಜ್ಞಾನಿಯೆಂದು ಕೊಂಡಾಡುತ್ತೇವೆ. ಕಲ್ಯಾಣದ ವಿಪ್ಲವದಲ್ಲಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ, ವಚನಗಳ ಕಟ್ಟುಗಳನ್ನೂ ನೊಂದ ಶರಣರನ್ನೂ ಕಾಪಾಡುತ್ತ ಉಳವಿಯ ಅಡವಿಗೆ ನಡೆದ ಸಮೂಹದ ಮುಂದಾಳು ಅವರೇ ಎಂದು ಪರಂಪರೆಯು ಹೇಳುತ್ತದೆ. ಅಲ್ಲಿಯೇ ಅವರು ಐಕ್ಯರಾದರು. ಇಂದಿಗೂ ಭಾರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಬೆಳಗಾವಿ, ಧಾರವಾಡ ಸೀಮೆಯ ರೈತರು ಚಕ್ಕಡಿ ಹೂಡಿಕೊಂಡು, ದಾರಿಯಲ್ಲಿ ಬಿಡಾರ ಮಾಡುತ್ತ, ಉಳವಿಗೆ ಹೋಗುತ್ತಾರೆ. ಎತ್ತಿನ ಕೊರಳಗೆಜ್ಜೆಯ ಆ ಸಪ್ಪಳವು ಎಂಟು ಶತಮಾನಗಳಾಚೆಯ ಒಬ್ಬ ತರುಣನ ನೆನಪಿಗೆ ಸಲ್ಲುವ ಸಪ್ಪಳ.

ನಮ್ಮ ಗಡಿಯಾಚೆಗೂ ಇದೇ ಮಾತು. ಅಥಣಿ, ಕಾಗವಾಡ, ನಿಪ್ಪಾಣಿಗಳ ಜನರಿಗೆ ಮರಾಠಿ ಸಂತರ ಹೆಸರು ಅಪರಿಚಿತವಲ್ಲ. ಜ್ಞಾನೇಶ್ವರರು 1275ರಲ್ಲಿ ಜನಿಸಿ 1296ರಲ್ಲಿ ಆಳಂದಿಯಲ್ಲಿ ಸಮಾಧಿಸ್ಥರಾದರು. ಇಪ್ಪತ್ತೊಂದು ವರ್ಷದ ಬಾಳು. ಗೀತೆಗೆ ಅವರು ಬರೆದ ಜ್ಞಾನೇಶ್ವರಿಯು 1290ರಲ್ಲಿ ಮುಗಿಯಿತು; ಆಗ ಅವರ ವಯಸ್ಸು ಹದಿನೈದರ ಆಸುಪಾಸು. ಏಳು ನೂರು ವರ್ಷಗಳಿಂದ ಒಂದು ನಾಡಿನ ಒಕ್ಕಲಿಗರೂ ಕೂಲಿಗಳೂ ಆ ಗ್ರಂಥವನ್ನು ತಲೆಯ ಮೇಲೆ ಹೊತ್ತು ಬಾಳಿದ್ದಾರೆ.

೪. ಸಿರಸಂಗಿಯ ಲಿಂಗರಾಜರು

"ಇವರೆಲ್ಲ ಮಹಾತ್ಮರು, ಸಂಸಾರಿಗಳಾದ ನಮಗೆ ಇವರ ಮಾತೇಕೆ?" ಎಂದು ಗೃಹಸ್ಥರು ಕೇಳಬಹುದು. ಅವರಿಗಾಗಿ ನಮ್ಮ ಜಿಲ್ಲೆಯ ಒಬ್ಬ ಗೃಹಸ್ಥರ ಉದಾಹರಣೆಯನ್ನೇ ಕೊಡುವೆನು. ತ್ಯಾಗವೀರ ಸಿರಸಂಗಿ ಲಿಂಗರಾಜರು 1861ರಲ್ಲಿ ಶಿಗ್ಗಾವಿಯಲ್ಲಿ ಜನಿಸಿ, ಸಿರಸಂಗಿ ಸಂಸ್ಥಾನಕ್ಕೆ ದತ್ತಕರಾಗಿ ಬಂದವರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾದರು. ಅದಾದ ಎರಡೇ ವರ್ಷಗಳಲ್ಲಿ, 1906ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ನಲವತ್ತೈದು ಎಂಬುದು ದೇಸಗತಿಯ ಒಡೆಯನೊಬ್ಬನು ಇನ್ನೂ ಸುಖಪಡಬೇಕಾದ ವಯಸ್ಸು. ಅವರಾದರೋ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಿಸಬೇಕೆಂದು ಮೃತ್ಯುಪತ್ರವನ್ನು ಬರೆದಿಟ್ಟು ಹೋದರು. ಅವರ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಓದು ಬಲ್ಲವರೆಷ್ಟು ಜನ? ಬಡ ಒಕ್ಕಲಿಗನ ಮಗನು ಕಾಲೇಜಿನ ಮೆಟ್ಟಿಲನ್ನು ಏರುವುದು ಕನಸಾಗಿದ್ದ ಕಾಲವದು. ಅವರ ಹೆಸರನ್ನು ಹೊತ್ತ ಲಿಂಗರಾಜ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. ಆಗ ಅವರು ಅಗಲಿ ಇಪ್ಪತ್ತೇಳು ವರ್ಷ. ತಾವು ಮುಖವನ್ನೂ ನೋಡದ ಮಕ್ಕಳಿಗೆ ಅವರು ತಂದೆಯಾದರು. ಇನ್ನೂ ನಲವತ್ತು ವರ್ಷ ಬಾಳಿ, ಆ ಸಂಪತ್ತನ್ನು ಪೆಟ್ಟಿಗೆಯಲ್ಲಿಯೇ ಕಾದಿದ್ದರೆ ಅವರ ಹೆಸರನ್ನು ಇಂದು ನೆನೆಯುವವರು ಯಾರು? ದಾಸೋಹವೆಂಬುದು ಅನ್ನವನ್ನು ಮಾತ್ರ ಕುರಿತ ಮಾತಲ್ಲ. ಆಯುಷ್ಯವನ್ನೂ ಪರರಿಗೆ ಬಡಿಸಬಹುದು.

೫. ಒಂದು ಎಚ್ಚರಿಕೆ

ಇಷ್ಟು ಹೇಳಿದ ಮೇಲೆ ಅಲ್ಪಾಯುಷ್ಯವೇ ಶ್ರೇಷ್ಠವೆಂದು ಯಾರೂ ಭಾವಿಸತಕ್ಕದ್ದಲ್ಲ. ಹಾಗೆಂದರೆ ಅದು ಶರಣಮಾರ್ಗಕ್ಕೆ ದ್ರೋಹವಾದೀತು. ಇದಕ್ಕೆ ನಮ್ಮ ಸೀಮೆಯ ಪ್ರಾತಃಸ್ಮರಣೀಯರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳೇ ಪ್ರಮಾಣ. 1836ರಲ್ಲಿ ನದಿ ಇಂಗಳಗಾವಿಯಲ್ಲಿ ಜನಿಸಿದ ಅವರು ಅಥಣಿಯ ಗಚ್ಚಿನಮಠದಲ್ಲಿ ಶಿವಯೋಗನಿರತರಾಗಿದ್ದು 1921ರಲ್ಲಿ ಲಿಂಗೈಕ್ಯರಾದರು. ಎಂಬತ್ತೈದು ವರ್ಷಗಳ ಬಾಳು, ಅದೂ ಪೂರ್ಣ. ಅಕ್ಕನ ಬಾಳು ಹಿಡಿಯಷ್ಟು, ಶಿವಯೋಗಿಗಳ ಬಾಳು ಹರಿವಾಣದಷ್ಟು, ಎರಡೂ ಪ್ರಸಾದವೇ. ಶಿವನು ಕೊಟ್ಟಷ್ಟು ದಿನವನ್ನು ಶಿವಾರ್ಪಿತವಾಗಿಸುವುದಷ್ಟೇ ನಮ್ಮ ಪಾಲಿನ ಕಾಯಕ.

ದೇಹವನ್ನು ಶರಣರು ದೇಗುಲವೆಂದು ಕಂಡರು. ದೇಗುಲವನ್ನು ಕಾಯುವುದು ಭಕ್ತನ ಧರ್ಮ. ರೋಗ ಬಂದಾಗ "ಆಯುಷ್ಯವಿದ್ದಷ್ಟು ಆಗಲಿ" ಎಂದು ವೈದ್ಯರ ಬಳಿಗೆ ಹೋಗದೆ ಕೂಡುವುದು ಭಕ್ತಿಯಲ್ಲ, ಆಲಸ್ಯ. ನಿರಾಶೆಯಿಂದ ತನ್ನ ಪ್ರಾಣವನ್ನು ತಾನೇ ನೀಗುವುದಂತೂ ಅರ್ಪಿತವಾಗಬೇಕಾದ ಪ್ರಸಾದವನ್ನು ನೆಲಕ್ಕೆ ಚೆಲ್ಲಿದಂತೆ. ಮನೆಯಲ್ಲಿ ತರುಣರಾರಾದರೂ ಮಂಕಾಗಿ, ಮಾತು ಬಿಟ್ಟು ಕುಳಿತಿದ್ದರೆ ಹಿರಿಯರು ಗದರಿಸದೆ ಹತ್ತಿರ ಕುಳಿತು ಕೇಳಬೇಕು; ಅವಶ್ಯವಾದರೆ ವೈದ್ಯರ ಬಳಿಗೂ ಕರೆದೊಯ್ಯಬೇಕು.

ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುಲೆಯು ಯುದ್ಧದಲ್ಲಿ ಸೋತು ಬಂದ ಮಗನನ್ನು ಹುರಿದುಂಬಿಸಲು ಜ್ವಾಲೆ, ಹೊಗೆಗಳ ಹೋಲಿಕೆಯನ್ನು ಕೊಡುತ್ತಾಳೆ. ಅದು ಕ್ಷಾತ್ರದ ಉಪದೇಶ. ಶರಣರ ದೃಷ್ಟಿಯಲ್ಲಿ ಧಗಧಗಿಸಿ ಉರಿಯುವುದೇ ದೊಡ್ಡದಲ್ಲ. ಮನೆಯ ಜಗಲಿಯ ಮೇಲಿನ ಹಣತೆಯು ಎಣ್ಣೆಯಿರುವ ತನಕ ಮೂಲೆಯ ಕತ್ತಲೆಯನ್ನು ಕಳೆಯುತ್ತದೆ. ಅದರ ಬೆಳಕಿನಲ್ಲಿ ಯಾರಾದರೊಬ್ಬರು ದಾರಿ ಕಂಡರೆ ಸಾಕು.

೬. ಹೊಲದ ಪಾಠ

"ಲಿಂಗರಾಜರು ಆಸ್ತಿ ಬಿಟ್ಟರು, ಅಕ್ಕನು ವಚನಗಳನ್ನು ಬಿಟ್ಟಳು; ನನ್ನ ಮಗನು ಏನನ್ನು ಬಿಟ್ಟನು?" ಎಂದು ಆ ತಾಯಿಯು ಕೇಳಿದ್ದರೆ ನ್ಯಾಯವಾಗಿಯೇ ಇರುತ್ತಿದ್ದಿತು. ಇದಕ್ಕೆ ಉತ್ತರವನ್ನು ನಮ್ಮ ಹೊಲಗಳಲ್ಲಿಯೇ ಕಂಡೆನು.

ನದಿಯ ದಂಡೆಯ ಕಬ್ಬು ವರ್ಷಪೂರ್ತಿ ನಿಲ್ಲುತ್ತದೆ. ಎರೆಹೊಲದ ಹಿಂಗಾರಿ ಜೋಳಕ್ಕೆ ನಾಲ್ಕು ತಿಂಗಳು. ಮುಂಗಾರಿನ ಹೆಸರು ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ ತಿಂಗಳಿನ ಬೆಳೆ. ಕಬ್ಬಿನಷ್ಟು ನಿಲ್ಲಲಿಲ್ಲವೆಂದು ಹೆಸರನ್ನು ಹಳಿಯುವ ರೈತನುಂಟೇ? ಹೆಸರಿನ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿಯ ಸಾರಜನಕವನ್ನು ಹಿಡಿದು ಬೆಳೆಗೆ ಒದಗಿಸುತ್ತವೆ. ಬೆಳೆ ಕಿತ್ತ ಮೇಲೆ ಬೇರು ಎಲೆಗಳಲ್ಲಿ ಉಳಿದ ಸತ್ವವು ಮಣ್ಣಿಗೆ ಸೇರುತ್ತದೆ. ಅದೇ ಹೊಲದಲ್ಲಿ ಹಿಂಗಾರಿಗೆ ಜೋಳ ಬಿತ್ತಿದರೆ ಅದು ಹುಲುಸಾಗಿ ಬರುವುದನ್ನು ಓದುಬರಹವಿಲ್ಲದ ರೈತನೂ ಬಲ್ಲನು. ತೆನೆ ಕೊಯ್ಯುವಾಗ ಹೆಸರಿನ ಗಿಡ ಅಲ್ಲಿರುವುದಿಲ್ಲ. ಆದರೆ ಅದರ ಬಾಳು ಆ ತೆನೆಯೊಳಗಿರುತ್ತದೆ.

ಆ ಬಾಲಕನ ವಿಷಯದಲ್ಲಿಯೂ ಇಂತಹುದೊಂದನ್ನು ಕಂಡೆನು. ನಮ್ಮ ಪ್ರಸಾದನಿಲಯದ ಅಡಿಗೆಮನೆಯಲ್ಲಿ ಜೋಳ ಹಸನು ಮಾಡುವ ವೃದ್ಧೆಯೊಬ್ಬಳಿದ್ದಾಳೆ. ಅಕ್ಷರವರಿಯದವಳು. ಸಾಯಂಕಾಲ ಆಟಕ್ಕೆ ಹೋಗುವ ಮೊದಲು ಆ ಹುಡುಗನು ಆಕೆಯ ಬಳಿ ಕುಳಿತು, ಮೊರದ ಹಿಟ್ಟಿನಲ್ಲಿ ಬೆರಳಾಡಿಸಿ, ಒಂದೊಂದೇ ಅಕ್ಷರವನ್ನು ತಿದ್ದಿಸಿದ್ದನಂತೆ. ಇದು ನನಗಾಗಲಿ ಇತರ ಉಪಾಧ್ಯಾಯರಿಗಾಗಲಿ ತಿಳಿದಿದ್ದಿಲ್ಲ. ಅವನು ಹೋದ ಎಷ್ಟೋ ತಿಂಗಳ ಮೇಲೆ, ಒಂದು ಮಧ್ಯಾಹ್ನ, ಆಕೆಯು ಗೋಡೆಗೊರಗಿ ವಚನದ ಚಿಕ್ಕ ಪುಸ್ತಕವನ್ನು ಹಿಡಿದು, ಬೆರಳಿಟ್ಟು ಓದುತ್ತಿರುವುದನ್ನು ಕಂಡು ವಿಚಾರಿಸಿದೆನು. "ಆ ಕೂಸು ಕಲಿಸಿದ್ದರಿ ಅಪ್ಪಾರ" ಎಂದಳು.

ಮರುವರ್ಷದ ಜಾತ್ರೆಗೆ ಆ ತಾಯಿಯು ಬಂದಾಗ ಈ ಸಂಗತಿಯನ್ನು ತಿಳಿಸಿದೆನು. ಅವಳು ಅಡಿಗೆಮನೆಗೆ ಹೋಗಿ ವೃದ್ಧೆಯ ಎದುರು ಕುಳಿತಳು. ವೃದ್ಧೆಯು ತಡವರಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಒಂದು ವಚನವನ್ನು ಓದಿ ಮುಗಿಸಿದಳು. ತಾಯಿಯು ಅತ್ತಳು. ಆಮೇಲೆ, "ಇನ್ನೊಂದು ಓದ ಯವ್ವಾ" ಎಂದಳು. ನಾನು ಬಾಗಿಲಲ್ಲಿ ನಿಂತವನು ಹಿಂದಿರುಗಿದೆನು. ಆಕೆಯ ಮೊದಲನೆಯ ಪ್ರಶ್ನೆಗೆ ಅಂದೂ ನನ್ನಲ್ಲಿ ಉತ್ತರವಿದ್ದಿಲ್ಲ, ಇಂದಿಗೂ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಅವಳ ಮಗನೇ ಬಿಟ್ಟುಹೋಗಿದ್ದನು.

೭. ಗೃಹಸ್ಥರು ಮಾಡತಕ್ಕುದು

ಈ ಪಾಠದಿಂದ ಗೃಹಸ್ಥರು ಮೂರು ಸಂಗತಿಗಳನ್ನು ಗ್ರಹಿಸಬೇಕು.

ಮೊದಲನೆಯದು, ದುಃಖದ ಮನೆಗೆ ಹೋದಾಗ ಕಾರಣಗಳನ್ನು ಹೇಳಬಾರದು. ಶರಣರು ಮರಣದ ಸೂತಕವನ್ನು ಬಿಡಿಸಿದರೇ ಹೊರತು ಕಣ್ಣೀರನ್ನು ನಿಷೇಧಿಸಲಿಲ್ಲ. "ಅಳಬೇಡ" ಎನ್ನುವುದಕ್ಕಿಂತ ಅಗಲಿದವರ ಒಂದು ಒಳ್ಳೆಯ ನಡೆಯನ್ನು ನೆನೆದು ಹೇಳಿರಿ. ಮನೆಯವರಿಗೆ ತಿಳಿಯದ ಸಂಗತಿಯೊಂದು ನಿಮಗೆ ತಿಳಿದಿದ್ದರೆ ಅದನ್ನು ತಪ್ಪದೆ ಮುಟ್ಟಿಸಿರಿ. ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ.

ಎರಡನೆಯದು, ಎಳೆಯರನ್ನು "ಇವರಿಗೇನು ತಿಳಿದೀತು, ಇನ್ನೂ ವಯಸ್ಸುಂಟು" ಎಂದು ತಳ್ಳಬಾರದು. ಒಳ್ಳೆಯದನ್ನು ಮಾಡಲು ವಯಸ್ಸಾಗಬೇಕೆಂಬ ನಿಯಮವನ್ನು ಅನುಭವಮಂಟಪವು ಮಾಡಲಿಲ್ಲ. ನಿಮ್ಮ ಮನೆಯ ಮಗುವು ಇಂದು ಮಾಡಬಯಸುವ ದಾಸೋಹವನ್ನು ಇಂದೇ ಮಾಡಲಿ.

ಮೂರನೆಯದು, ವೃದ್ಧರಾದ ನಮಗೆ. ಐವತ್ತು, ಅರುವತ್ತು ವರ್ಷಗಳನ್ನು ಶಿವನು ನಮಗೆ ಕೊಟ್ಟಿದ್ದಾನೆ. ಹರಿವಾಣದ ತುಂಬ ಪ್ರಸಾದ ದೊರೆತಿದೆ. ಹಿಡಿ ಪ್ರಸಾದ ದೊರೆತ ಬಾಲಕನೊಬ್ಬನು ಅದರಲ್ಲಿಯೂ ಇನ್ನೊಬ್ಬರಿಗೆ ತುತ್ತು ಕೊಟ್ಟು ಹೋಗಿರುವಾಗ, ನಮ್ಮ ಹರಿವಾಣದಿಂದ ಯಾರಿಗೆ ಏನನ್ನು ಬಡಿಸಿದೆವೆಂದು ರಾತ್ರಿ ಮಲಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

"ಶರಣರ ಗುಣವನ್ನು ಮರಣದಲ್ಲಿ ನೋಡು" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಮರಣವು ಯಾವ ವಯಸ್ಸಿನಲ್ಲಿ ಬರಬೇಕೆಂದು ಅವರು ಹೇಳಲಿಲ್ಲ. ಆ ದಿನವು ಬಂದಾಗ ನೋಡತಕ್ಕ ಗುಣವೊಂದು ನಮ್ಮಲ್ಲಿರಲೆಂದು ಶರಣರ ಶ್ರೀಪಾದಗಳಲ್ಲಿ ಪ್ರಾರ್ಥಿಸಿ ಈ ಪಾಠವನ್ನು ಮುಗಿಸುವೆನು.

ಶರಣು ಶರಣಾರ್ಥಿ.